ನೆಲಮಹಡಿಯ ಕಾಂಕ್ರೀಟ್ ಕೆಲಸದಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನೆಲದಡಿಯ ಮಣ್ಣಿನ ಗಾಳಿ ಮನೆಯೊಳಗೆ ಬರದಿರಲೆಂದು, ಇನ್ನು ಮುಂದೆ ನಾವು ಕಟ್ಟಿಕೊಡುವ ಎಲ್ಲ ಹೊಸ ಮನೆಗಳಲ್ಲಿ ನೆಲಮಹಡಿಯ ಕಾಂಕ್ರೀಟಿನ ಅಡಿಗೆ 300 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ ಹಾಸುವುದನ್ನೂ, ನೆಲವು ಗೋಡೆಯನ್ನು ಕೂಡುವ ಅಂಚು ಹಾಗೂ ಪೈಪುಗಳ ಸುತ್ತಲಿನ ಸಂದುಗಳನ್ನು ಸೀಲಂಟಿನಿಂದ ಮುಚ್ಚುವುದನ್ನೂ ಮೂಲ ಕೆಲಸದಲ್ಲಿಯೇ ಸೇರಿಸುತ್ತಿದ್ದೇವೆ. ಇದುವರೆಗೆ ಇದನ್ನು ಕೇಳಿದವರಿಗೆ ಮಾತ್ರ ಮಾಡಿಕೊಡುತ್ತಿದ್ದೆವು. ಇದರ ಖರ್ಚನ್ನು ಎಸ್ಟಿಮೇಟಿನಲ್ಲಿ ಪ್ರತ್ಯೇಕವಾಗಿ ನಮೂದಿಸಲಾಗುವುದು.

ಚೆನ್ನಾಗಿ ಕೂತ ಕಾಂಕ್ರೀಟಿನ ಮೂಲಕ ಗಾಳಿ ಹಾಯುವುದು ತೀರಾ ಕಡಿಮೆ; ಅದಕ್ಕೆ ದಾರಿಯಾಗುವುದು ಸಂದುಗಳು. ಕಾಂಕ್ರೀಟು ಒಣಗುತ್ತ ಕುಗ್ಗುವುದರಿಂದ ಗೋಡೆಯುದ್ದಕ್ಕೂ ಸಣ್ಣ ಬಿರುಕು ಬಿಟ್ಟು, ಸ್ಕರ್ಟಿಂಗಿನ ಹಿಂದೆ ಯಾರ ಕಣ್ಣಿಗೂ ಬೀಳದೆ ಉಳಿಯುತ್ತದೆ. ಮನೆಯೊಳಗಿನ ಬೆಚ್ಚನೆಯ ಗಾಳಿ ಮೇಲೇರಿ ಹೊರಹೋದಾಗ, ಇಲ್ಲವೇ ಎಕ್ಸಾಸ್ಟ್ ಫ್ಯಾನು ಅದನ್ನು ಹೊರಗೆಳೆದಾಗ, ಒಳಗಿನ ಒತ್ತಡ ತುಸು ತಗ್ಗಿ ಮಣ್ಣಿನೊಳಗಿನ ತೇವದ ಗಾಳಿ ಆ ಬಿರುಕಿನಿಂದ ಮೇಲೆ ಬರುತ್ತದೆ. ಕಿಟಕಿ ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನು ಹಾಕಿ, ನೆಲದಿಂದ ಪೈಪು ಮೇಲೇಳುವ ಜಾಗದಲ್ಲಿ ಊದುಬತ್ತಿ ಹಿಡಿದು ನೋಡಿ: ಸಂದು ತೆರೆದಿದ್ದರೆ ಹೊಗೆ ನೆಟ್ಟಗೆ ಏರದೆ ಕೋಣೆಯ ಕಡೆಗೆ ಬಾಗುತ್ತದೆ.

ಹೀಗೆ ಬರುವ ಗಾಳಿಯಲ್ಲಿ ಮುಗ್ಗಲು ವಾಸನೆಯಷ್ಟೇ ಅಲ್ಲ, ರೇಡಾನ್ ಎಂಬ ವಿಕಿರಣಶೀಲ ಅನಿಲವೂ ಇರಬಹುದು. ಬೆಂಗಳೂರು, ಮೈಸೂರು ಸೀಮೆಯ ನೆಲದಡಿ ಇರುವುದು ಹೆಚ್ಚಾಗಿ ನೈಸ್ ಮತ್ತು ಗ್ರಾನೈಟ್ ಬಂಡೆ. ಅದರಲ್ಲಿರುವ ಅಲ್ಪಸ್ವಲ್ಪ ಯುರೇನಿಯಂನಿಂದ ಹುಟ್ಟುವ ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮನೆಯೊಳಗೆ ಇದು ಘನ ಮೀಟರಿಗೆ 100 ಬೆಕೆರೆಲ್ (ವಿಕಿರಣಶೀಲತೆಯ ಅಳತೆ) ಮೀರದಿರುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೆದರಿಸಲು ಇದನ್ನು ಬರೆಯುತ್ತಿಲ್ಲ. ಹೆಂಚಿನ ಸಂದಿನಲ್ಲೂ ಗಾಳಿಯಾಡುತ್ತಿದ್ದ ಹಳೆಯ ಮನೆಗಳಲ್ಲಿ ಇಂಥದ್ದು ಅಷ್ಟಾಗಿ ನಿಲ್ಲುತ್ತಿರಲಿಲ್ಲ. ಈಗ ಎ.ಸಿ. ಹಾಕಿ ರಾತ್ರಿಯಿಡೀ ಮುಚ್ಚಿಡುವ ನೆಲಮಹಡಿಯ ಮಲಗುವ ಕೋಣೆಗಳೇ ಹೆಚ್ಚಾಗಿರುವುದರಿಂದ ಈ ಮುಂಜಾಗ್ರತೆ ಬೇಕೆಂಬುದು ನಮ್ಮ ಅಭಿಪ್ರಾಯ.

ಗೆದ್ದಲಿನ ಔಷಧಿ ಹೊಡೆದು, ಕಲ್ಲು ಹಾಸಿದ ಮೇಲೆ 50 ಮಿಲಿಮೀಟರ್ ಎಂ-ಸ್ಯಾಂಡ್ ಹರಡಿ ಅದರ ಮೇಲೆ ಹಾಳೆ ಹಾಸುತ್ತೇವೆ. ಮರಳಿಲ್ಲದಿದ್ದರೆ ಕಲ್ಲಿನ ಮೊನೆಗೆ ಹಾಳೆ ತೂತಾಗುತ್ತದೆ. ಒಂದು ಹಾಳೆ ಇನ್ನೊಂದರ ಮೇಲೆ 300 ಮಿಲಿಮೀಟರ್ ಬರುವಂತೆ ಟೇಪು ಹಚ್ಚಿ, ಅಂಚುಗಳನ್ನು ಗೋಡೆಯ ಮೇಲಕ್ಕೆ ಮಡಚಿ, ಗೋಡೆಗೆ ತೇವ ಏರದಂತೆ ತಡೆಯುವ ಡಿ.ಪಿ.ಸಿ. ಪದರಕ್ಕೆ ಕೂಡಿಸುತ್ತೇವೆ. ಸಂದಿಗೆ ಸಿಮೆಂಟ್ ಹಾಲು ಸುರಿಯುವುದಿಲ್ಲ, ಅದು ಮತ್ತೆ ಬಿರುಕು ಬಿಡುತ್ತದೆ. ಹಿಗ್ಗಿ ಕುಗ್ಗಬಲ್ಲ ಪಾಲಿಯುರೆಥೇನ್ ಸೀಲಂಟನ್ನೇ ಬಳಸುತ್ತೇವೆ. ಕಾಂಕ್ರೀಟ್ ಹಾಕುವ ಮುನ್ನ ದಯವಿಟ್ಟು ಸೈಟಿಗೆ ಬಂದು ಹಾಳೆಯನ್ನು ನೀವೂ ನೋಡಿ. ಆಮೇಲೆ ನೋಡಲು ಸಾಧ್ಯವಿಲ್ಲ.

ಈಗಾಗಲೇ ಕಟ್ಟಿದ ಮನೆಗಳಲ್ಲಿ ಹಾಳೆ ಹಾಸಲಾಗದು. ಅಂಥಲ್ಲಿ ಸ್ಕರ್ಟಿಂಗ್ ತೆಗೆದು ಸಂದುಗಳನ್ನಷ್ಟೇ ಮುಚ್ಚಬಹುದು.

ಒಂದು ಅನನುಕೂಲವಂತೂ ಇದೆ. ಕೆಳಗೆ ಹಾಳೆ ಇರುವುದರಿಂದ ಕಾಂಕ್ರೀಟಿನ ನೀರು ಮೇಲ್ಮುಖವಾಗಿಯೇ ಆರಬೇಕು. ಆದ್ದರಿಂದ ನೆಲಹಾಸಿನ ಕೆಲಸ, ಅದರಲ್ಲೂ ಮರದ ನೆಲಹಾಸು, ಕೆಲವು ವಾರ ತಡವಾಗುತ್ತದೆ. ಗೃಹಪ್ರವೇಶಕ್ಕೆ ಮುಹೂರ್ತ ಇಡಿಸುವ ಮುನ್ನ ನಮ್ಮ ಕಚೇರಿಗೆ ಒಂದು ಮಾತು ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿಗಳು,
ಸಂಸ್ಥೆಯ ಪರವಾಗಿ, ಕಟ್ಟಡ ವಿಭಾಗ