‘ಮಿಶ್ರ ಮಾಧ್ಯಮ’ ಎಂದರೆ ಸಾಲದು, ಏನು ಬೆರೆಸಿದ್ದು ಹೇಳಿ

ಮಾನ್ಯ ಸಂಪಾದಕರೇ,

ಕಲಾ ಪ್ರದರ್ಶನದ ವರದಿಯಲ್ಲಿ ಬಿಳಿಯ ಮೇಲೆ ಬಿಳಿಯ ಕೃತಿಯೊಂದು ಬಂದರೆ ಅದರ ಗತಿ ಸಾಮಾನ್ಯವಾಗಿ ಒಂದೇ. ಎದುರಿನಿಂದ ಫ್ಲ್ಯಾಶ್ ಹೊಡೆದು ತೆಗೆದ ಫೋಟೊದಲ್ಲಿ ಅದು ಖಾಲಿ ಚೌಕವಾಗಿ ಅಚ್ಚಾಗುತ್ತದೆ, ಕೆಳಗೆ ‘ಮಿಶ್ರ ಮಾಧ್ಯಮ’ ಎಂಬ ಎರಡು ಪದ ಇರುತ್ತವೆ. ‘ಇದರಲ್ಲೇನಿದೆ?’ ಎಂದು ಓದುಗರು ಪುಟ ತಿರುವಿದರೆ ಅವರನ್ನು ದೂರುವಂತಿಲ್ಲ. ಬಣ್ಣ ಒಂದೇ ಆದಮೇಲೆ ನೋಡಲು ಉಳಿಯುವುದು ವಸ್ತು ಮತ್ತು ಅದರ ಮೇಲೆ ಬೀಳುವ ಬೆಳಕು. ಫೋಟೊ ಬೆಳಕನ್ನು ಅಳಿಸಿತು, ಅಡಿಬರಹ ವಸ್ತುವನ್ನು ಮುಚ್ಚಿಟ್ಟಿತು.

ಇಟಲಿಯ ಪಿಯೆರೊ ಮಂಜೋನಿ 1957ರಿಂದ ಮಾಡತೊಡಗಿದ ‘ಅಕ್ರೋಮ್’ಗಳನ್ನೇ ನೋಡಿ. ಹೆಸರಿನ ಅರ್ಥ ‘ಬಣ್ಣವಿಲ್ಲದ್ದು’. ಪಿಂಗಾಣಿಗೆ ಬಳಸುವ ಬಿಳಿ ಜೇಡಿಮಣ್ಣು ಕೆಯೋಲಿನ್ ಅನ್ನು ಅಂಟಿನೊಡನೆ ಕಲಸಿ, ಅದರಲ್ಲಿ ತೋಯಿಸಿದ ಕ್ಯಾನ್ವಾಸಿಗೆ ನೆರಿಗೆ ಹಿಡಿದು ಒಣಗಲು ಬಿಡುತ್ತಿದ್ದರು. ನೆರಿಗೆ ಎಲ್ಲಿ ಜೋತುಬಿದ್ದು ಎಲ್ಲಿ ಸೆಟೆದು ನಿಲ್ಲಬೇಕು ಎಂಬುದನ್ನು ಮಣ್ಣಿನ ಭಾರವೇ ತೀರ್ಮಾನಿಸುತ್ತಿತ್ತು. ಕೈ ಹಿಂದೆ ಸರಿದು ವಸ್ತು ತನ್ನಷ್ಟಕ್ಕೆ ಕೆಲಸ ಮುಗಿಸಲಿ ಎಂಬ ಅವರ ತತ್ವವೆಲ್ಲ ಆ ಒಣಗುವ ಹೊತ್ತಿನಲ್ಲಿದೆ. ಮುಂದೆ ಹತ್ತಿ ಬಂತು, ಬ್ರೆಡ್ಡು ಬಂತು, ಗಾಳಿಯ ತೇವಕ್ಕೆ ತಕ್ಕಂತೆ ಬಣ್ಣ ಬದಲಿಸುವ ಕೋಬಾಲ್ಟ್ ಕ್ಲೋರೈಡ್ ಕೂಡ ಬಂತು. ಇಷ್ಟನ್ನೆಲ್ಲ ‘ಮಿಶ್ರ ಮಾಧ್ಯಮ’ ಎಂದು ಕರೆದರೆ ಬಿಸಿಬೇಳೆಬಾತನ್ನು ‘ಆಹಾರ’ ಎಂದಂತೆ.

ನಮ್ಮಲ್ಲಿ ಸೋಮನಾಥ ಹೋರ್ (1921–2006) ಇನ್ನೂ ದೂರ ಹೋದರು. 1970ರ ದಶಕದ ‘ಗಾಯಗಳು’ ಸರಣಿಗೆ ಮೆತ್ತನೆಯ ಜೇಡಿಮಣ್ಣಿನ ಅಥವಾ ಮೇಣದ ಹಲಗೆಯನ್ನು ಚಾಕುವಿನಿಂದ ಸೀಳಿ, ಅದರಿಂದ ಸಿಮೆಂಟಿನ ಅಚ್ಚು ತೆಗೆದು, ಅಚ್ಚಿನೊಳಗೆ ಕಾಗದದ ತಿರುಳನ್ನು ಒತ್ತಿದರು. ಬಂಗಾಳದ 1943ರ ಕ್ಷಾಮವನ್ನು ಕಣ್ಣಾರೆ ಕಂಡು ಚಿತ್ರಿಸಿದ್ದ ಕಲಾವಿದ ಅವರು. ಇಲ್ಲಿ ಮನುಷ್ಯರ ಆಕೃತಿಯೇ ಇಲ್ಲ, ಕಾಗದಕ್ಕೇ ಗಾಯವಾಗಿದೆ. ಬೆಳಕು ಪಕ್ಕದಿಂದ ಬಿದ್ದರೆ ಸೀಳಿನ ಅಂಚು ಎದ್ದು ಕಾಣುತ್ತದೆ, ಎದುರಿನಿಂದ ಬಿದ್ದರೆ ಮಾಯವಾಗುತ್ತದೆ.

ಉಬ್ಬು ಬಿಳುಪು ಕನ್ನಡಿಗರಿಗೆ ಹೊಸದೇನಲ್ಲ. ಮೈಸೂರು ಶೈಲಿಯ ಚಿತ್ರಗಳಲ್ಲಿ ಒಡವೆ, ಮಂಟಪಗಳನ್ನು ಬಿಳಿ ಪುಡಿ ಮತ್ತು ಗೋಂದಿನ ಗೆಸ್ಸೊದಿಂದ ನವಿರಾಗಿ ಉಬ್ಬಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಾರೆ. ರೇಕು ಇಡುವ ಮುಂಚಿನ ಆ ಹಂತದಲ್ಲೇ ನಿಂತುಬಿಟ್ಟರೆ ಒಂದೇ ಬಣ್ಣದ ಕೃತಿಯ ಕಷ್ಟ ಗೊತ್ತಾಗುತ್ತದೆ: ಹುಳುಕು ಮುಚ್ಚಲು ಚಿನ್ನವಿಲ್ಲ.

ಈಗ ಚಿತ್ರಕಲಾ ಶಾಲೆಗಳ ವಿಷಯ. ವಿದ್ಯಾರ್ಥಿಗಳಲ್ಲಿ ಹಲವರು ಗೋಡೆಗೆ ಹಚ್ಚುವ ವಾಲ್ ಪುಟ್ಟಿಗೆ ಮರಗೆಲಸದ ಬಿಳಿ ಅಂಟು ಸುರಿದು, ಚೌಕಟ್ಟಿಗೆ ಬಿಗಿದ ಕ್ಯಾನ್ವಾಸಿನ ಮೇಲೆ ಅರ್ಧ ಅಂಗುಲ ಮೆತ್ತುತ್ತಾರೆ. ಮೊದಲ ವಾರ ಚೆನ್ನಾಗಿಯೇ ಇರುತ್ತದೆ. ಪುಟ್ಟಿಯನ್ನು ಹಿಡಿದಿಡುವುದು ಸಾಮಾನ್ಯವಾಗಿ ಅದರಲ್ಲಿರುವ ಬಿಳಿ ಸಿಮೆಂಟು, ಅದು ಗಟ್ಟಿಯಾಗಲು ನೀರು ಬೇಕು. ಬಟ್ಟೆ ಆ ನೀರನ್ನು ಹೀರಿಕೊಂಡರೆ ಪುಟ್ಟಿ ಪುಡಿಪುಡಿ. ಗಟ್ಟಿಯಾದರೂ ಅದಕ್ಕೆ ಬಾಗುವ ಗುಣವಿಲ್ಲ; ಮಳೆಗಾಲಕ್ಕೂ ಬೇಸಿಗೆಗೂ ಕ್ಯಾನ್ವಾಸ್ ಸಡಿಲವಾಗಿ ಬಿಗಿಯುತ್ತಿದ್ದಂತೆ ಬಿರುಕು ಬಿಡುತ್ತದೆ. ಬಿಳಿ ಅಂಟು ಸೆಕೆಗೆ ಮೆದುವಾಗಿ ಧೂಳು ಹಿಡಿಯುತ್ತದೆ. ಬಣ್ಣದ ಚಿತ್ರದಲ್ಲಿ ಇವೆಲ್ಲ ಅಡಗಿಕೊಂಡಾವು. ಬಿಳಿಯಲ್ಲಿ ಕೂದಲೆಳೆಯ ಬಿರುಕೂ ಗೆರೆ ಎಳೆದಂತೆ ಕಾಣುತ್ತದೆ.

ದಪ್ಪ ಉಬ್ಬು ಬೇಕಾದರೆ ಕ್ಯಾನ್ವಾಸ್ ಬಿಟ್ಟು 12 ಮಿ.ಮೀ. ಪ್ಲೈವುಡ್ ಹಿಡಿಯಬೇಕು. ಹಿಂಬದಿ, ಅಂಚು ಎರಡಕ್ಕೂ ತೇವ ತಡೆಯುವ ಸೀಲರ್ ಕೊಡಬೇಕು. ಹಿಂಬದಿ ಬಿಟ್ಟರೆ ಅದು ತೇವ ಹೀರಿ ಹಲಗೆ ಬಾಗುತ್ತದೆ. ಹಳೆಯ ಕ್ರಮದ ಗೆಸ್ಸೊಗೆ ಒಂದು ಲೀಟರ್ ನೀರಿನಲ್ಲಿ 70ರಿಂದ 100 ಗ್ರಾಂ ಸರೇಸನ್ನು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಅಂಟು) ರಾತ್ರಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸುವುದು. 60 ಡಿಗ್ರಿ ದಾಟಬಾರದು, ಕುದಿಸಿದರೆ ಅಂಟಿನ ಬಲ ಹೋಗುತ್ತದೆ. ಅಳತೆಯಲ್ಲಿ ಸುಮಾರು ಒಂದೂವರೆ ಪಟ್ಟು ಸೀಮೆಸುಣ್ಣದ ಪುಡಿಯನ್ನು ಮೆಲ್ಲಗೆ ಉದುರಿಸಿ, ಅದು ತಾನೇ ಮುಳುಗುವವರೆಗೆ ಕಾಯಬೇಕು. ಜೋರಾಗಿ ಕಲಕಿದರೆ ಗಾಳಿ ಸೇರಿ ಒಣಗಿದ ಮೇಲೆ ಸೂಜಿಮೊನೆಯ ತೂತುಗಳು ಬೀಳುತ್ತವೆ. ಮಲ್ಲು ಬಟ್ಟೆಯಲ್ಲಿ ಸೋಸಿ ಆರೆಂಟು ತೆಳು ಲೇಪ ಕೊಡಿ, ಒಂದು ಅಡ್ಡ, ಮುಂದಿನದು ಉದ್ದ. ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತಿದರೆ ಅಂಟು ಕಡಿಮೆ. ಮೇಲಿನ ಲೇಪ ಸಿಪ್ಪೆಯಂತೆ ಎದ್ದರೆ ಕೆಳಗಿನದಕ್ಕಿಂತ ಮೇಲಿನದರಲ್ಲಿ ಅಂಟು ಜಾಸ್ತಿಯಾಗಿದೆ ಎಂದರ್ಥ.

ಗೋಣಿ, ತೆಂಗಿನನಾರು ಅಂಟಿಸುವವರು ಇನ್ನೊಂದು ಗಮನಿಸಬೇಕು. ನೀರು ಬೆರೆತ ಬಿಳಿ ಬಣ್ಣ ಹಚ್ಚುತ್ತಿದ್ದಂತೆ ನಾರಿನ ಒಗರು ಕರಗಿ ಮೇಲೆ ಬಂದು ಚಹಾದ ಕಲೆಯಂತೆ ಕೂರುತ್ತದೆ. ಮತ್ತೆ ಬಿಳಿ ಬಳಿದರೆ ಮತ್ತೆ ಬರುತ್ತದೆ. ಮೊದಲೇ ಎರಡು ಕೈ ಅರಗಿನ ವಾರ್ನಿಷ್ ಹಚ್ಚಿ ಒಣಗಿಸಿದರೆ ತಡೆಯಬಹುದು. ವೃತ್ತಪತ್ರಿಕೆಯ ತಿರುಳು ಬೇಡ (ನಿಮ್ಮ ಪತ್ರಿಕೆಯೂ ಸೇರಿ, ಬೇಸರಿಸಬೇಡಿ), ಅದು ಹಳದಿಯಾಗುತ್ತದೆ; ಹತ್ತಿ ಬಟ್ಟೆಯ ತಿರುಳು ಬಾಳುತ್ತದೆ. ಬಿಳಿಯಲ್ಲೂ ಜಾತಿಯಿದೆ. ಟೈಟಾನಿಯಂ ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. ಸತುವಿನ ಬಿಳಿ ತಂಪಾಗಿ, ತುಸು ಪಾರದರ್ಶಕವಾಗಿರುತ್ತದೆ, ಆದರೆ ಎಣ್ಣೆಯಲ್ಲಿ ಕಾಲಕ್ರಮೇಣ ಗಡುಸಾಗಿ ಸಿಡಿಯುತ್ತದೆ. ಅಗಸೆ ಎಣ್ಣೆಯ ಬಿಳಿಯನ್ನು ಕತ್ತಲೆಯ ಗೋದಾಮಿನಲ್ಲಿಟ್ಟರೆ ಹಳದಿಗೆ ತಿರುಗುತ್ತದೆ.

ಕಪ್ಪಿನ ಪಾಡು ಬೇರೆ. ಅಮೆರಿಕದ ಆಡ್ ರೈನ್‌ಹಾರ್ಟ್ ತಮ್ಮ ಐದಡಿ ಚೌಕದ ಕಪ್ಪು ಕೃತಿಗಳಿಗೆ ಬಣ್ಣದೊಳಗಿನ ಎಣ್ಣೆಯನ್ನು ಬಸಿದು ತೆಗೆದು, ಹೊಳಪೇ ಇಲ್ಲದ ಮೈ ಸಾಧಿಸಿದ್ದರು. ಅಂಥ ಮೈಗೆ ಒಂದು ಬೆರಳು ತಗುಲಿದರೂ ಗುರುತು ಉಳಿಯುತ್ತದೆ, ಒರೆಸಿದರೆ ಹೊಳಪು ಬಂದು ಇನ್ನೂ ಕೆಡುತ್ತದೆ. ಮುಟ್ಟಬೇಡಿ ಎಂಬ ಹಗ್ಗ ಅಲ್ಲಿ ದೊಡ್ಡಸ್ತಿಕೆಗೆ ಕಟ್ಟಿದ್ದಲ್ಲ.

ಕೇಳಿಕೆ ಎರಡೇ. ಇಂಥ ಕೃತಿಯ ಫೋಟೊ ತೆಗೆಯುವಾಗ ಫ್ಲ್ಯಾಶ್ ಆರಿಸಿ, ದೀಪವನ್ನು ಒಂದು ಪಕ್ಕದಲ್ಲಿ ಗೋಡೆಗೆ ಸವರುವಷ್ಟು ಓರೆಯಾಗಿ ಇಟ್ಟು ತೆಗೆಸಿ. ಅಡಿಬರಹವನ್ನು ಕಲಾವಿದರಿಂದಲೇ ಕೇಳಿ, ಕೆಳಗಿನ ಪದರದಿಂದ ಮೇಲಕ್ಕೆ ಬರೆಯಿರಿ: ‘ಪ್ಲೈವುಡ್, ಸರೇಸು-ಸೀಮೆಸುಣ್ಣದ ಗೆಸ್ಸೊ, ಅರಗು ಹಚ್ಚಿದ ಗೋಣಿ, ಟೈಟಾನಿಯಂ ಬಿಳಿ, 90 × 60 ಸೆಂ.ಮೀ.’ ಒಂದೇ ಸಾಲು, ಜಾಗವೇನೂ ಹೆಚ್ಚು ಹಿಡಿಯದು.

— ಇಬ್ಬರು ಚಿತ್ರಕಲಾ ಬೋಧಕರು, ಮೈಸೂರು