ವರದಿಗಳ ನಕಲು ಮತ್ತು ಸ್ಕ್ಯಾನಿಂಗ್‌ನಲ್ಲಿ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಎರಡು ಬದಲಾವಣೆಗಳಾಗಲಿವೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ತಾಂತ್ರಿಕ ವರದಿಗಳ ಜೆರಾಕ್ಸ್ ಪ್ರತಿಗಳನ್ನು ನಾವು ಇನ್ನು ಮಾರುವುದಿಲ್ಲ. ನೀವು ತಂದುಕೊಡುವ ಹಳೆಯ ವರದಿಗಳ ಸ್ಕ್ಯಾನಿಂಗ್‌ಗೆ ಎರಡು ದಿನದ ಬದಲು ಐದು ದಿನ ಹಿಡಿಯುತ್ತದೆ; ದರವೂ ಪುಟಕ್ಕೆ ಒಂದು ರೂಪಾಯಿ ಹೆಚ್ಚುತ್ತದೆ.

ಮೊದಲನೆಯದು ನಮಗೇ ನಷ್ಟ. ವಿಮಾನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ವರ್ಷವರ್ಷವೂ ನಮ್ಮಲ್ಲಿ ಕೊಳ್ಳುತ್ತಿದ್ದದ್ದು ಅಮೆರಿಕದ ಹಿಂದಿನ ವಿಮಾನ ಸಂಶೋಧನಾ ಸಂಸ್ಥೆ ನಾಕಾದ (NACA) ವರದಿ ಸಂಖ್ಯೆ 824. ವಿಮಾನದ ರೆಕ್ಕೆಯ ಅಡ್ಡಕೊಯ್ತದ ಆಕಾರಗಳನ್ನು ಗಾಳಿಸುರಂಗದಲ್ಲಿ ಪರೀಕ್ಷಿಸಿ 1945ರಲ್ಲಿ ಹೊರತಂದ ಸಂಗ್ರಹ ಅದು. ನಮ್ಮಲ್ಲಿರುವುದು ನಕಲಿನ ನಕಲಿನ ನಕಲು. ನಕ್ಷೆಯ ಗೆರೆಗಳು ಊದಿಕೊಂಡು ಪಕ್ಕದ ಗೆರೆಗೆ ಅಂಟಿವೆ, ಅಂಕಿ ಓದಲು ಊಹೆಯೇ ಗತಿ. ಅದೇ ವರದಿ ನಾಸಾದ ತಾಂತ್ರಿಕ ವರದಿ ಭಂಡಾರದಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇದೆ. 1958ರಲ್ಲಿ ನಾಸಾ ಬರುವ ಮುನ್ನ ವಿಮಾನ ಸಂಶೋಧನೆ ನೋಡಿಕೊಳ್ಳುತ್ತಿದ್ದ ನಾಕಾದ ವರದಿಗಳೂ ಅಲ್ಲಿವೆ. ವರದಿಯ ಸಂಖ್ಯೆ ಹೇಳಿದರೆ ಕೊಂಡಿ ಕಳುಹಿಸುತ್ತೇವೆ, ಹಣ ಬೇಡ. ಇಳಿಸಿಕೊಂಡ ಮೇಲೆ ಒಂದು ಪ್ರತಿಯನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. 2013ರ ಮಾರ್ಚ್‌ನಲ್ಲಿ ಇಡೀ ಭಂಡಾರವನ್ನು ಪರಿಶೀಲನೆಗೆಂದು ದಿಢೀರನೆ ಮುಚ್ಚಿದಾಗ ಕೊಂಡಿ ಮಾತ್ರ ಉಳಿಸಿಕೊಂಡವರು ವಾರಗಟ್ಟಲೆ ಕಾಯಬೇಕಾಯಿತು.

ಎರಡನೆಯದಕ್ಕೆ ಕಾರಣ ನಮ್ಮದೇ ತಪ್ಪು. ಕಳೆದ ಮಳೆಗಾಲದಲ್ಲಿ ಎಂಜಿನಿಯರ್ ಒಬ್ಬರು ಕೆರೆ ಏರಿಯೊಂದರ ಹಳೆಯ ಮಣ್ಣುಪರೀಕ್ಷೆಯ ವರದಿ ಕೇಳಿಕೊಂಡು ಬಂದರು. ಅದನ್ನು ಸ್ಕ್ಯಾನ್ ಮಾಡಿದವರು ನಾವೇ, ಕಡತವೂ ನಮ್ಮ ಡಿಸ್ಕ್‌ನಲ್ಲೇ ಇತ್ತು. ಆದರೆ ಅದರ ಹೆಸರು ‘ಸ್ಕ್ಯಾನ್ 0047’. ಮೂರು ಗಂಟೆ ಒಂದೊಂದೇ ತೆರೆದು ನೋಡಿದ ಮೇಲೆ ಸಿಕ್ಕಿತು. ಸಿಕ್ಕ ಮೇಲೆ ಇನ್ನೊಂದು ಪೇಚು: ಮಡಚಿದ ನಕ್ಷೆಯನ್ನು ಬಿಡಿಸದೆಯೇ ಸ್ಕ್ಯಾನ್ ಮಾಡಿದ್ದೆವು. ಏರಿಯ ಅರ್ಧ ಭಾಗವೇ ಇಲ್ಲ, ಅಳತೆಪಟ್ಟಿಯೂ ಮಡಿಕೆಯೊಳಗೆ! ಅವರು ಏನೂ ಅನ್ನಲಿಲ್ಲ, ಚಹಾ ಕುಡಿದು ಹೊರಟರು. ನಮಗೆ ಅದೇ ಹೆಚ್ಚು ಚುಚ್ಚಿತು.

ಇನ್ನು ಮುಂದೆ ಪ್ರತಿ ವರದಿಯ ಶೀರ್ಷಿಕೆ, ಬರೆದವರು, ಇಲಾಖೆ, ವರ್ಷ, ವರದಿ ಸಂಖ್ಯೆ, ಸ್ಥಳ ಇವನ್ನು ಮುಖಪುಟ ನೋಡಿ ಒಬ್ಬರು ಬೆರಳಚ್ಚು ಮಾಡುತ್ತಾರೆ, ಇನ್ನೊಬ್ಬರು ತಾಳೆ ನೋಡುತ್ತಾರೆ. ಊರಿನ ಹೆಸರು ಹಳೆಯ ಕಾಗುಣಿತದಲ್ಲಿದ್ದರೆ ಈಗಿನದನ್ನೂ ಸೇರಿಸುತ್ತೇವೆ. ಪಠ್ಯವನ್ನು 300 ಡಿಪಿಐಯಲ್ಲಿ (ಅಂಗುಲಕ್ಕೆ 300 ಚುಕ್ಕೆ), ನಕ್ಷೆಗಳನ್ನು ಮಡಿಕೆಗಳನ್ನೆಲ್ಲ ಬಿಡಿಸಿ 600ರಲ್ಲಿ ಸ್ಕ್ಯಾನ್ ಮಾಡುತ್ತೇವೆ. ಕೊನೆಗೆ ಪದ ಹಾಕಿ ಹುಡುಕಬಹುದಾದ ಪಿಡಿಎಫ್ ನಿಮ್ಮ ಕೈಗೆ ಬರುತ್ತದೆ.

ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಇದನ್ನೆಲ್ಲ ಬಿಟ್ಟರಾಗದೇ ಎಂದು ಕೆಲವರು ಕೇಳಿದ್ದಾರೆ. ಇಂಗ್ಲಿಷ್ ವರದಿಗಳಲ್ಲಿ ಬಹುಮಟ್ಟಿಗೆ ಆಗುತ್ತದೆ. ಹಳೆಯ ಕನ್ನಡ ಮುದ್ರಣದಲ್ಲಿ ಅದು ಸೊನ್ನೆಯನ್ನು ಅನುಸ್ವಾರವೆಂದೂ ೬ನ್ನು ೯ ಎಂದೂ ಓದಿಬಿಡುತ್ತದೆ. ಕೊಳವೆಬಾವಿಯ ಆಳದ ಪಟ್ಟಿಯಲ್ಲಿ ಇಂಥ ಒಂದು ತಪ್ಪು ಸಾಕು. ಆದ್ದರಿಂದ ಅಂಕಿಗಳ ಕೋಷ್ಟಕಗಳನ್ನು ಕಣ್ಣಿಟ್ಟೇ ನೋಡುತ್ತೇವೆ. ಹೆಚ್ಚಿನ ಮೂರು ದಿನ ಹೋಗುವುದು ಹೆಚ್ಚಾಗಿ ಇಲ್ಲಿಯೇ.

ಒಂದು ವಿನಂತಿ. ಸರ್ಕಾರಿ ವರದಿಗಳಿಗೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಆ ಅವಧಿ ಮುಗಿಯದವನ್ನು ನಿಮ್ಮ ಬಳಕೆಗೆ ಸ್ಕ್ಯಾನ್ ಮಾಡಿಕೊಡುತ್ತೇವೆ, ಅನುಮತಿಯಿಲ್ಲದೆ ಎಲ್ಲರಿಗೂ ತೆರೆದಿಡಲು ನೆರವಾಗುವುದಿಲ್ಲ.

ಈ ಹಿಂದೆ ನಮ್ಮಲ್ಲಿ ಸ್ಕ್ಯಾನ್ ಮಾಡಿಸಿದವರು ಹಳೆಯ ಸಿ.ಡಿ. ತಂದುಕೊಟ್ಟರೆ ಹೊಸ ಪದ್ಧತಿಯಂತೆ ಹೆಸರು, ವಿವರ ಸೇರಿಸಿ ಕೊಡುತ್ತೇವೆ. ಶುಲ್ಕವಿಲ್ಲ. ಮಡಚಿದ ನಕ್ಷೆಗಳಿದ್ದರೆ ಮೂಲ ಪ್ರತಿಯನ್ನೂ ಜೊತೆಗೆ ತನ್ನಿ.

ಇಂತು ತಮ್ಮ ವಿಶ್ವಾಸಿಗಳು,
ಅಂಗಡಿಯ ಪಾಲುದಾರರು