ಆ ಅಪ್ಪ ಓಡಿದ್ದು ಯಾಕೆ?

ಪ್ರೀತಿಯ ಪುಟ್ಟಿಗೆ,

ದೊಡ್ಡಪ್ಪನ ಆಶೀರ್ವಾದಗಳು.

ಯುವಜನರ ಕೂಟದಲ್ಲಿ ಯೇಸು ಹೇಳಿದ ದುಂದುಗಾರ ಮಗನ ಸಾಮ್ಯದ (ದೃಷ್ಟಾಂತ ಕಥೆಯ) ಮೇಲೆ ಮಾತಾಡಬೇಕು, ಎಲ್ಲರಿಗೂ ಗೊತ್ತಿರೋ ಕಥೆ, ಹೊಸದೇನು ಹೇಳಲಿ ಅಂತ ಕೇಳಿದ್ದೀಯ. ಹೊಸದು ಯಾಕೆ ಮಗಳೇ? ಯೇಸುವಿನ ಎದುರು ಕೂತಿದ್ದವರಿಗೆ ಇದು ಹೇಗೆ ಕೇಳಿಸಿರಬಹುದು, ಅದನ್ನು ಮೊದಲು ನೋಡು.

ಅಪ್ಪ ಬದುಕಿರುವಾಗಲೇ ಕಿರಿಮಗ ಪಾಲು ಕೇಳಿದ. ಬೈಬಲಿನ ಧರ್ಮೋಪದೇಶಕಾಂಡ 21ನೇ ಅಧ್ಯಾಯದ ಪ್ರಕಾರ ಹಿರಿಮಗನಿಗೆ ಎರಡು ಪಾಲು, ಹಾಗಾಗಿ ಇವನಿಗೆ ಮೂರರಲ್ಲೊಂದು. ಜೀವ ಇರುವ ತನಕ ಆಸ್ತಿಯನ್ನು ಮಕ್ಕಳ ಕೈಗೆ ಕೊಡಬೇಡ ಅಂತ ಬೆನ್ ಸಿರಾ ಎಂಬ ಯೆಹೂದಿ ಗುರು ಯೇಸುವಿಗಿಂತ ಸುಮಾರು 200 ವರ್ಷ ಮೊದಲೇ ಬರೆದಿದ್ದ. ಈ ಅಪ್ಪ ಕೊಟ್ಟುಬಿಟ್ಟ. ಮಗ ಎಲ್ಲವನ್ನೂ ಗಂಟುಕಟ್ಟಿಕೊಂಡು ದೂರದೇಶಕ್ಕೆ ಹೋದ. ಊರವರ ಮುಂದೆ ಅಪ್ಪನ ಮಾನ ಏನಾಗಿರಬೇಡ! ಅಲ್ಲಿ ದುಡ್ಡೆಲ್ಲ ಹಾಳುಮಾಡಿ, ಹೊಟ್ಟೆಪಾಡಿಗೆ ಹಿಡಿದ ಹಂದಿ ಕಾಯುವ ಕೆಲಸದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಹಂದಿ ಅವರಿಗೆ ಅಶುದ್ಧ, ಅಷ್ಟು ಸಾಕು.

ಕೊನೆಗೆ ಮಗ ಮನೆಗೆ ವಾಪಸ್ ಬರುವುದನ್ನು ದೂರದಿಂದಲೇ ಕಂಡ ಅಪ್ಪ ಓಡಿಹೋಗಿ ತಬ್ಬಿಕೊಂಡ. ನಿನ್ನ ಮಾತಿನ ಜೀವ ಅಪ್ಪ ಹಾಗೆ ಓಡಿದ್ದರಲ್ಲಿ ಇರಲಿ. ಆ ಕಾಲದಲ್ಲಿ ಗೌರವಸ್ಥ ಹಿರಿಯರು ಬೀದಿಯಲ್ಲಿ ಓಡುತ್ತಿರಲಿಲ್ಲ. ಓಡಬೇಕಾದರೆ ಉದ್ದ ನಿಲುವಂಗಿಯನ್ನು ಎತ್ತಿ ಕಟ್ಟಬೇಕು, ಬರಿಗಾಲು ಕಾಣುತ್ತದೆ. ನೋಡಿದವರು ನಗುತ್ತಾರೆ. ನಾವು ಓದುವಾಗ ಮಮತೆ ಅಂದುಕೊಂಡು ಮುಂದೆ ಹೋಗುತ್ತೇವೆ, ಅಲ್ವಾ? ಮಗ ಊರೊಳಗೆ ಕಾಲಿಟ್ಟ ಕೂಡಲೇ ಅವನಿಗೆ ಸಿಗಬೇಕಿದ್ದ ಅವಮಾನವನ್ನು ಈ ಮುದುಕ ತನ್ನ ಮೇಲೆ ಎಳೆದುಕೊಂಡ ಅಂತ ನನಗನಿಸುತ್ತದೆ. ಆಮೇಲೆ ಅಂಗಿ, ಉಂಗುರ, ಕಾಲಿಗೆ ಜೋಡು. ಜೋಡಿಲ್ಲದೆ ಓಡಾಡುವುದು ಆಳುಗಳ ಪಾಡು. ನನ್ನನ್ನು ಕೂಲಿಯವನಾಗಿ ಇಟ್ಟುಕೋ ಅನ್ನಲು ಬಂದವನಿಗೆ ಅಲ್ಲೇ ಉತ್ತರ ಸಿಕ್ಕಿತು. ಇನ್ನು ಕೊಬ್ಬಿದ ಕರು. ಮಾಂಸ ಅಪರೂಪವಾಗಿದ್ದ ಕಾಲ, ಇಡೀ ಕರು ಒಂದೇ ಮನೆಯವರು ತಿಂದು ಮುಗಿಸುವಂಥದ್ದಲ್ಲ. ಅಂದರೆ ಊರನ್ನೇ ಕರೆದಿದ್ದಾನೆ. ಮಗ ನಾಳೆ ಆ ಜನರ ನಡುವೆಯೇ ಬದುಕಬೇಕಲ್ಲ!

ಹಿರಿಮಗನನ್ನು ಬಿಡಬೇಡ. ತಮ್ಮನಿಗಾಗಿ ಔತಣ ಅಂತ ಸಿಟ್ಟಾಗಿ, ನೆಂಟರಿಷ್ಟರು ಕೂತಿರುವಾಗ ಒಳಗೆ ಬರಲ್ಲ ಅನ್ನುವುದೂ ಅಪ್ಪನ ಮುಖಕ್ಕೆ ಹೊಡೆದ ಹಾಗೆಯೇ. ಅಪ್ಪ ಅವನಿಗಾಗಿಯೂ ಹೊರಗೆ ಬಂದ. ಯೇಸು ಈ ಕಥೆ ಹೇಳುವಾಗ, ಇವನು ಪಾಪಿಗಳ ಜೊತೆ ಊಟ ಮಾಡುತ್ತಾನೆ ಅಂತ ಗೊಣಗುತ್ತಿದ್ದ ಫರಿಸಾಯರು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಥದವರು, ಎದುರಿಗೇ ಇದ್ದರು, ಲೂಕ 15ರ ಎರಡನೇ ವಚನ ನೋಡು.

ಒಂದು ಎಚ್ಚರಿಕೆ. ಪೂರ್ವದೇಶದ ಪದ್ಧತಿ ಅಂತ ಯಾರೋ ಹೇಳಿದ್ದನ್ನೆಲ್ಲ ಸುಮ್ನೆ ನಂಬಬೇಡ. ಐಶ್ವರ್ಯವಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಲ್ಲಿ ನುಗ್ಗುವುದು ಸುಲಭ ಅಂದ ಯೇಸು. ಆ 'ಸೂಜಿಯ ಕಣ್ಣು' ಅಂದರೆ ಯೆರೂಸಲೇಮಿನ ಒಂದು ಸಣ್ಣ ಬಾಗಿಲು, ಒಂಟೆ ಮಂಡಿಯೂರಿ ನುಸುಳುತ್ತಿತ್ತು ಅಂತ ಹೇಳುವವರಿದ್ದಾರೆ. ಯೇಸುವಿನ ಕಾಲದಲ್ಲಿ ಅಂಥ ಬಾಗಿಲು ಇತ್ತು ಅನ್ನುವುದಕ್ಕೆ ಆಧಾರವೇ ಇಲ್ಲ. ಐಶ್ವರ್ಯವಂತರಿಗೆ ಹೇಳಿದ ಖಾರದ ಮಾತನ್ನು ಸಪ್ಪೆ ಮಾಡಲು ಅದು ಚೆನ್ನಾಗಿ ಒದಗುತ್ತದೆ, ಅಷ್ಟೇ.

ಬರೆದದ್ದನ್ನು ಶುಕ್ರವಾರದೊಳಗೆ ಕಳಿಸು, ಓದಿ ಹೇಳುತ್ತೇನೆ. ಅಮ್ಮನಿಗೆ ನನ್ನ ನೆನಪು ತಿಳಿಸು.

ಇಂತಿ,
ದೊಡ್ಡಪ್ಪ